ಮೊದಲು ಸೆಗಣಿಯೋ, ಪುಡಿಯೋ

ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥವಾಗದ ಒಂದು ಪ್ರಶ್ನೆ ಇದೆ. ನಾಯಿಮರಿ ಸತ್ತ ದಿನ ಅಂಗಳಕ್ಕೆ ಮೊದಲು ಬಿದ್ದದ್ದು ಅತ್ತೆ ಕಲಸಿದ ಸೆಗಣಿಯೋ, ನನ್ನ ಗಂಡ ಮಡಿಕೇರಿಯಿಂದ ತಂದ ಬ್ಲೀಚಿಂಗ್ ಪುಡಿಯೋ? ಅಂದು ಅಲ್ಲಿದ್ದವರು ನಾವು ಮೂವರೇ. ಮೂವರೂ ಬೇರೆ ಬೇರೆ ಹೇಳುತ್ತೇವೆ. ಕಾಲೇಜಿನಲ್ಲಿ ಇತಿಹಾಸ ಕಲಿಸುವವಳು ನಾನು. ಕಣ್ಣಾರೆ ಕಂಡವನ ಮಾತನ್ನೂ ಒಮ್ಮೆ ತಿರುಗಿಸಿ ನೋಡಿ ಎಂದು ಮಕ್ಕಳಿಗೆ ಹೇಳುತ್ತೇನೆ. ಆದರೆ ತಿರುಗಿಸಿ ನೋಡಬೇಕಾದದ್ದು ನನ್ನದೇ ಕಣ್ಣನ್ನು ಎಂದಾದಾಗ ಏನು ಮಾಡಬೇಕೆಂದು ಯಾವ ಪಠ್ಯದಲ್ಲೂ ಓದಿರಲಿಲ್ಲ.

ಮರಿ ಬಂದದ್ದು ಮಡಿಕೇರಿ ಪಕ್ಕದ ಗಾಳಿಬೀಡಿನ ನಮ್ಮ ಮನೆಗೆ, ಮಳೆ ನಿಂತ ಮೇಲೆ, ಕಾಫಿ ಹಣ್ಣಾಗುವ ಮೊದಲು. ಪಕ್ಕದ ಎಸ್ಟೇಟಿನಲ್ಲಿ, ಕೂಲಿಯವರು ಇರುವ ಲೈನಿನಲ್ಲಿ ಹುಟ್ಟಿದ್ದು. ಕಪ್ಪು ಮೈ, ಬಿಳಿ ಪಾದ. ನನಗೆ ನೆನಪಿರುವಂತೆ ನಾಲ್ಕೂ ಪಾದ ಬಿಳಿ. ಫೋನಿನಲ್ಲಿರುವ ಫೋಟೋದಲ್ಲಿ ಮೂರೇ. ನಮ್ಮ ಕಡೆ ಮರಿಗೆ ಕುಂಞಿ ಎನ್ನುತ್ತಾರೆ. ಹೆಸರಿಡುವ ಬಗ್ಗೆ ಗಂಡನಿಗೂ ನನಗೂ ಒಮ್ಮತವಾಗದೆ ಅದು ಕುಂಞಿಯಾಗಿಯೇ ಉಳಿಯಿತು. ಅತ್ತೆ ಊಟ ಮುಗಿಸಿ ತಟ್ಟೆಯ ಕೊನೆಯ ತುತ್ತನ್ನು ಕೈಯಲ್ಲಿ ಹಿಡಿದು ಜಗಲಿಯಂಚಿಗೆ ಬಂದು, "ಕುಂಞೀ... ಬಾ!" ಎಂದು ಅಂಗಳಕ್ಕೆ ಎಸೆಯುತ್ತಿದ್ದರು. ಅದು ಎಲ್ಲಿದ್ದರೂ ಉರುಳಿಕೊಂಡು ಬರುತ್ತಿತ್ತು.

ಮೊದಲ ಇಂಜೆಕ್ಷನ್ ಆಗಿತ್ತು. ಎರಡನೆಯದಕ್ಕೆ ಹೋಗುವ ವಾರದಲ್ಲಿ ಅದು ಅನ್ನ ಬಿಟ್ಟಿತು. ಆಮೇಲೆ ವಾಂತಿ, ಆಮೇಲೆ ರಕ್ತ. ಮಡಿಕೇರಿಯ ಡಾಕ್ಟರಮ್ಮ, ನನ್ನ ವಿದ್ಯಾರ್ಥಿನಿಯರಿಗಿಂತ ಹೆಚ್ಚು ದೊಡ್ಡವಳಲ್ಲದ ಹುಡುಗಿ, ವಾಸನೆ ಬಂದ ಕೂಡಲೇ ಮುಖ ಸಣ್ಣ ಮಾಡಿಕೊಂಡು "ಪಾರ್ವೊ" ಎಂದರು, ನಾಯಿಮರಿಗಳ ಕರುಳು ಹಿಡಿಯುವ ಅಂಟುರೋಗ. ಮೇಜಿನ ಮೇಲೆ ಮಲಗಿಸಿ ಡ್ರಿಪ್ ಹಾಕಿದರು. ಮರಿಯ ಕಾಲು ನನ್ನ ಹೆಬ್ಬೆರಳಿನಷ್ಟು ದಪ್ಪ. ಅದರಲ್ಲಿ ಸೂಜಿಗೆ ಜಾಗ ಹುಡುಕುವುದನ್ನು ನೋಡಲಾರದೆ ನಾನು ಗೋಡೆಯ ಮೇಲಿನ ಹಸುವಿನ ಚಿತ್ರ ನೋಡುತ್ತ ನಿಂತಿದ್ದೆ. ಮರುದಿನವೂ ಕರೆದೊಯ್ದೆವು. ಅದರ ಮರುದಿನ ಅದು ಅದೇ ಮೇಜಿನ ಮೇಲೆ ಹೋಯಿತು.

ಟವೆಲಿನಲ್ಲಿ ಸುತ್ತಿ ಕೊಡುವಾಗ ಡಾಕ್ಟರಮ್ಮ ಹೇಳಿದ ಮಾತುಗಳು ಚೆನ್ನಾಗಿ ನೆನಪಿವೆ ಎಂದುಕೊಂಡಿದ್ದೇನೆ. "ರೋಗ ಮರಿ ಜೊತೆ ಹೋಗಲ್ಲ ಮೇಡಂ. ನೆಲದಲ್ಲಿ ಕೂತಿರುತ್ತೆ. ಎಷ್ಟೋ ತಿಂಗಳು, ನೆರಳು ಇದ್ರೆ ವರ್ಷವೂ ಇರಬಹುದು. ಅದು ಮಲಗಿದ ಬಟ್ಟೆ, ತಿಂದ ಪಾತ್ರೆ ಎಲ್ಲ ಎಸೆದುಬಿಡಿ. ಸಿಮೆಂಟ್ ನೆಲ ಮೊದಲು ಚೆನ್ನಾಗಿ ತೊಳೀರಿ, ಗಲೀಜು ಪೂರ್ತಿ ಹೋಗ್ಬೇಕು, ಆಮೇಲೆ ಬ್ಲೀಚಿಂಗ್ ನೀರು ಹಾಕಿ ಸ್ವಲ್ಪ ಹೊತ್ತು ಬಿಡಿ."

"ಮಣ್ಣಿನ ಅಂಗಳಕ್ಕೆ?" ಎಂದು ಗಂಡ ಕೇಳಿದರು.

ಆಕೆ, "ಮಣ್ಣಿಗೆ ಬಿಸಿಲೇ. ಇನ್ನೇನೂ ಗ್ಯಾರಂಟಿ ಹೇಳೋಕಾಗಲ್ಲ" ಎಂದರು.

ಗ್ಯಾರಂಟಿ ಹೇಳಲಾಗದಿದ್ದರೂ ಗಂಡ ಬ್ಲೀಚಿಂಗ್ ಪುಡಿಯ ದೊಡ್ಡ ಕಟ್ಟನ್ನೇ ಕೊಂಡರು. ಜೀಪಿನಲ್ಲಿ ಮರಿ ನನ್ನ ಮಡಿಲಲ್ಲಿ, ಪುಡಿ ಕಾಲ ಬಳಿ. ಇಲ್ಲಿಯವರೆಗೆ ನಮ್ಮ ಮೂವರ ಸಾಕ್ಷ್ಯದಲ್ಲಿ ತಕರಾರಿಲ್ಲ.

ನನ್ನ ನೆನಪು ಹೀಗಿದೆ: ಜೀಪಿನಿಂದ ಇಳಿದಾಗ ಅಂಗಳ ಒದ್ದೆಯಾಗಿತ್ತು. ಚಪ್ಪಲಿಯಂಚಿಗೆ ಹಸಿರು ಮೆತ್ತಿಕೊಂಡಿತು. ಸಾವಾದ ಸುದ್ದಿ ಫೋನಿನಲ್ಲಿ ಕೇಳಿದ್ದ ಅತ್ತೆ ಅಷ್ಟರಲ್ಲೇ ಅಂಗಳ ಸಾರಿಸಿ ಮುಗಿಸಿದ್ದರು. ಹೇಗೂ ಕಾಫಿ ಕೊಯ್ಲಿನ ಮೊದಲು ಅಂಗಳವನ್ನು ಹಣ್ಣು ಒಣಗಿಸುವ ಕಣ ಮಾಡಲು ಸಾರಿಸಲೇಬೇಕು. ಗಂಡ ಮರಿಯನ್ನು ತೋಟದ ಆಚೆ ಸುಣ್ಣ ಹಾಕಿ ಹೂತು ಬಂದು, ಹಸಿ ಸೆಗಣಿಯ ಮೇಲೆ ಪುಡಿ ಎರಚಿದರು. ಹಸಿರಿನ ಮೇಲೆ ಬಿಳಿ. ಆ ಬಣ್ಣ ಕಣ್ಣಲ್ಲಿ ಕೂತಿತ್ತು.

ಅತ್ತೆಯದು ಬೇರೆಯೇ. "ಹೆಣ ಮಣ್ಣಿಗೆ ಹೋಗುವ ಮೊದಲು ಯಾರಾದರೂ ಸಾರಿಸ್ತಾರಾ? ಸೂತಕ ಕಳೆಯುವುದು ಆಮೇಲೆ ಅಲ್ವಾ? ನಂಗೆ ಅಷ್ಟೂ ಗೊತ್ತಿಲ್ಲೆಯಾ? ಅವ ಪುಡಿ ಹಾಕಿದ, ಅಂಗಳ ಮಶಾಣದ ಹಾಗೆ ಕಾಣ್ತಿತ್ತು, ನೋಡಲಿಕ್ಕಾಗದೆ ನಾ ಮೇಲಿಂದ ಸಾರಿಸಿದೆ."

ಗಂಡನನ್ನು ಕೇಳಿದರೆ, "ಎರಡು ಸಲ ಹಾಕಿದೆ ಮಾರಾಯ್ತಿ. ಮೊದಲೂ ಹಾಕಿದೆ, ಆಮೇಲೂ ಹಾಕಿದೆ" ಎನ್ನುತ್ತಾರೆ. ಅದು ನೆನಪಲ್ಲ, ರಾಜಿ.

ಇದು ಯಾಕೆ ಮುಖ್ಯವಾಯಿತೆಂದರೆ, ಸ್ವಲ್ಪ ದಿನದ ಮೇಲೆ ನಾನು ಡಾಕ್ಟರಮ್ಮನಿಗೆ ಫೋನ್ ಮಾಡಿ, ಅತ್ತೆಗೂ ಕೇಳಲೆಂದು ಸ್ಪೀಕರಿಗೆ ಹಾಕಿದೆ. ಸಾರಿಸಿದ ಅಂಗಳಕ್ಕೆ ಪುಡಿ ಹಾಕಿದ್ದೇವೆ, ಸಾಕೇ ಎಂದೆ. ಆ ಕಡೆಯಿಂದ ಸಣ್ಣ ನಗು ಕೇಳಿಸಿತು.

"ಅಯ್ಯೋ ಮೇಡಂ, ಸೆಗಣಿ ಮೇಲೆ ಹಾಕಿದ್ರೆ ಆ ಬ್ಲೀಚಿಂಗನ್ನ ಸೆಗಣಿಯೇ ತಿಂದುಬಿಡುತ್ತೆ. ಕೆಳಗೆ ಇರೋದಕ್ಕೆ ಎಂಥದೂ ಆಗಲ್ಲ. ಒಂಥರಾ ಕಂಬಳಿ ಹೊದಿಸಿ ಮಲಗಿಸಿದ ಹಾಗೆ."

ಅತ್ತೆ ಫೋನಿಗೆ ಬಾಯಿ ಹತ್ತಿರ ತಂದು, "ಪುಡಿಯೇ ಮೊದಲು ಹಾಕಿದ್ದು ಡಾಕ್ಟ್ರೇ. ಇವಳಿಗೆ ನೆನಪಿಲ್ಲೆ" ಎಂದರು. ನಂತರ, ಆಕೆಗೆ ಕೇಳಲಿ ಎಂದೇ, "ನನ್ನ ಮಕ್ಕಳು ಇದೇ ನೆಲದಲ್ಲಿ ಅಂಬೆಗಾಲಿಟ್ಟದ್ದು. ನಾ ಸಾರಿಸಿದ ನೆಲದಲ್ಲಿ ರೋಗ ಮಲಗ್ತದಂತೆ, ಕಂಬಳಿ ಹೊದ್ಕೊಂಡು!"

"ಅಮ್ಮಾ, ನಿಮ್ಮನ್ನ ಬೈತಿಲ್ಲ" ಎಂದರು ಡಾಕ್ಟರಮ್ಮ. "ಪುಡಿ ಮೊದಲು ಬಿದ್ದಿದ್ರೆ ಸ್ವಲ್ಪವಾದರೂ ವಾಸಿ. ಆದ್ರೆ ಹೊಸ ಮರಿ ಈಗ ತರಬೇಡಿ. ತಂದ್ರೂ ಇಂಜೆಕ್ಷನ್ ಪೂರ್ತಿ ಆಗೋವರೆಗೆ ಬೇರೆ ಕಡೆ ಬೆಳೆಸಿ. ನಿಮ್ಮ ಮನೆಯ ಚಪ್ಪಲಿ ಕೂಡ ಆ ಮರಿ ಹತ್ತಿರ ಹೋಗಬಾರದು."

"ಇನ್ನೊಂದು ಮರಿ ಯಾರಿಗೆ ಬೇಕು?" ಎಂದು ಅತ್ತೆ ಒಳಗೆ ಹೋದರು.

ಕಾಫಿ ಕೊಯ್ಲು ಬಂತು. ಕಣದಲ್ಲಿ ಹಣ್ಣು ಹರಡಿದೆವು. ಬಿಸಿಲೇ ಮದ್ದು ಎಂದಿದ್ದರಲ್ಲ, ಆ ವರ್ಷ ಬಿಸಿಲಿಗೇನೂ ಕೊರತೆಯಿರಲಿಲ್ಲ. ಆದರೆ ಅಷ್ಟೂ ಬಿಸಿಲು ಬಿದ್ದದ್ದು ಕಾಫಿಯ ಬೆನ್ನಿಗೆ, ಅಡಿಯ ನೆಲಕ್ಕಲ್ಲ. ಇದು ಹೊಳೆದದ್ದು ಕ್ಲಾಸಿನಲ್ಲಿ, ಪಾಠದ ನಡುವೆ. ಪಿಕ್ಕಿಂಗಿಗೆ ಬಂದವರು ದಿನವೂ ಕಣ ದಾಟಿ ಓಡಾಡಿದರು. ಯಾರ ಕಾಲಿಗೆ ಏನು ಅಂಟಿತು, ಯಾರ ಲೈನಿನ ಯಾವ ಮರಿಯ ಹತ್ತಿರ ಹೋಯಿತು? ಅವರಲ್ಲೊಬ್ಬಳಿಗೆ ಹೇಳಲು ಹೋದೆ. "ಕಾಲು ತೊಳ್ಕೊಂಡೇ ಹೋಗ್ತೀವಿ ಅಕ್ಕ" ಎಂದು ಅವಳು ನಕ್ಕಳು.

ಅತ್ತೆ ಊಟದ ಕೊನೆಯ ತುತ್ತನ್ನು ಎಸೆಯುವುದನ್ನು ಬಿಡಲಿಲ್ಲ. ಕರೆಯುತ್ತಿರಲಿಲ್ಲ, ಅಷ್ಟೆ. ಜಗಲಿಯಂಚಿಗೆ ಬಂದು ಎಸೆದು, ಕಾಗೆ ಬರುವ ಮೊದಲು ಬೆನ್ನು ತಿರುಗಿಸುತ್ತಿದ್ದರು. ಒಂದು ದಿನ, ಬೆನ್ನು ತಿರುಗಿಸಿದ್ದವರು ಹಾಗೇ ನಿಂತು, "ಆ ಡಾಕ್ಟ್ರು ಹೇಳಿದ್ದು ಸೂತಕವೇ ಅಲ್ವಾ?" ಎಂದರು.

"ಯಾವುದು ಅತ್ತೆ?"

"ನಮ್ಮ ಮನೆಯವರು ಹೋಗಬಾರದು, ಮುಟ್ಟಬಾರದು, ನಮ್ಮ ಮನೆಗೆ ಬರಬಾರದು. ಅದಕ್ಕೆ ಇಷ್ಟೊಂದು ಇಂಗ್ಲಿಷ್ ಎಂತಕ್ಕೆ? ಸೂತಕ ಅಂದಿದ್ದರೆ ನಾ ಅಂದೇ ಒಪ್ತಿದ್ದೆ." ತಿರುಗಿ ಅಂಗಳ ನೋಡಿ, "ಮನುಷ್ಯ ಸತ್ತರೂ ಇಷ್ಟು ಉದ್ದದ ಸೂತಕ ಇಲ್ಲೆ. ಇರಲಿ. ಮರಿ ಬೇರೆ ಕಡೆ ಬೆಳೀಲಿ. ನನ್ನ ತಂಗಿ ಮನೆಯಲ್ಲಿ."

ಇನ್ನೊಂದು ಯಾರಿಗೆ ಬೇಕು ಎಂದವರು ಇವರೇ ಎಂದು ನೆನಪಿಸುವ ಧೈರ್ಯ ನನಗಾಗಲಿಲ್ಲ. ಆ ದಿನದಿಂದ ಅತ್ತೆ ಸೂತಕದ ಕಾವಲಿಗೆ ನಿಂತರು. ಗಂಡನ ಗಂಬೂಟು ಗೇಟಿನ ಹೊರಗೆ. ಹಾಲು ತರುವವನ ಚಪ್ಪಲಿ ಗೇಟಿನ ಹೊರಗೆ. ಪೇಟೆಗೆ ಹೊರಡುವ ನನ್ನ ಚಪ್ಪಲಿ ಅಟ್ಟದಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ. ನನ್ನ ಎಂ.ಎ., ಡಾಕ್ಟರಮ್ಮನ ಪದವಿ ಎರಡೂ ಸೇರಿ ಮಾಡಲಾಗದ್ದನ್ನು ಒಂದು ಹಳೆಯ ಶಬ್ದ ಮಾಡಿತು. ಆದರೆ ಒಳಗೊಳಗೆ ನನಗೊಂದು ಭಯವಿತ್ತು. ಸೂತಕವೆಂದರೆ ಕಳೆಯುವಂಥದ್ದು. ಒಂದು ದಿನ ಬಂದಾಗ ಸ್ನಾನ ಮಾಡಿ, ನೆಲ ಸಾರಿಸಿದರೆ ಮುಗಿಯಿತು. ಈ ರೋಗಕ್ಕೆ ಅಂಥ ದಿನ ಗೊತ್ತಿಲ್ಲ.

ಅತ್ತೆಯ ತಂಗಿಯನ್ನು ನಾನೂ ಚಿಕ್ಕವ್ವ ಎಂದೇ ಕರೆಯುವುದು. ಮಡಿಕೇರಿಯಲ್ಲಿ ಬಾಡಿಗೆಗೆ ಮಹಡಿಯ ಮನೆ. ಹಿಂದೆ ಯಾರೂ ನಾಯಿ ಸಾಕಿರದ ಮನೆ. ಮುಂದೆ ತಾರಸಿ, ಅದಕ್ಕೊಂದು ಕಬ್ಬಿಣದ ಬಾಗಿಲು. ಪೇಟೆಯ ನಿವೃತ್ತ ಮೇಷ್ಟ್ರೊಬ್ಬರ ನಾಯಿ ಮರಿ ಹಾಕಿತ್ತು. ತಾಯಿಗೆ ಇಂಜೆಕ್ಷನ್ ಎಲ್ಲ ಆಗಿತ್ತು, ಕಾಂಪೌಂಡ್ ದಾಟಿದ ನಾಯಿಯಲ್ಲ. ಕಂದು ಬಣ್ಣದ ಹೆಣ್ಣು ಮರಿಯೊಂದನ್ನು ಚಿಕ್ಕವ್ವನೇ ಹೋಗಿ ತಂದರು. ನಮ್ಮ ಮನೆಯವರು ಯಾರೂ ಹೋಗಲಿಲ್ಲ.

ನಾನು ಕಾಲೇಜು ಮುಗಿಸಿ ಬಸ್ಸಿಗೆ ಮೊದಲು ಅಲ್ಲಿಗೆ ಹೋಗುತ್ತಿದ್ದೆ. ಮೆಟ್ಟಿಲಿನ ಬುಡದಲ್ಲೇ ಚಿಕ್ಕವ್ವನ ಸ್ವರ. "ನಿಲ್ಲು! ಕಾಲು ತೋರಿಸು." ಚಪ್ಪಲಿ ಕೆಳಗೆ ಬಿಟ್ಟು, ಬಕೆಟಿನ ನೀರಿನಲ್ಲಿ ಕೈಕಾಲು ಉಜ್ಜಿ, ಅಲ್ಲೇ ಇಟ್ಟಿದ್ದ ಹಳೆಯ ನೈಟಿಯನ್ನು ಸೀರೆಯ ಮೇಲೆ ತೊಟ್ಟು ಹತ್ತಬೇಕು.

"ನನ್ನ ಬಾಣಂತನದಲ್ಲೂ ಇಷ್ಟು ಮಡಿ ಇರಲಿಲ್ಲ ನೋಡು" ಎನ್ನುತ್ತಿದ್ದರು ಚಿಕ್ಕವ್ವ. "ನಿನ್ನ ಅತ್ತೆ ದಿನಾ ಫೋನ್ ಮಾಡಿ, ಅವಳು ಕಾಲು ತೊಳೆದಳಾ, ಅವಳು ಕಾಲು ತೊಳೆದಳಾ ಅಂತ. ಮರಿ ಹೇಗುಂಟು ಅಂತ ಒಂದು ದಿನ ಕೇಳಲಿಲ್ಲ!"

ಮರಿ ನನ್ನ ನೈಟಿಯ ಅಂಚು ಕಚ್ಚಿ ಎಳೆಯುತ್ತಿತ್ತು. ಅಷ್ಟು ತೊಳೆದ ಮೇಲೂ ಅದು ಕೈ ನೆಕ್ಕಿದರೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ. ಡಾಕ್ಟರಮ್ಮ ಒಂದು ವಿಷಯ ಹೇಳಿದ್ದರು: ತಾಯಿಹಾಲಿನಿಂದ ಬಂದ ಶಕ್ತಿ ಮರಿಯ ಮೈಯಲ್ಲಿ ಇರುವವರೆಗೆ ಇಂಜೆಕ್ಷನ್ ಸರಿಯಾಗಿ ಹಿಡಿಯುವುದಿಲ್ಲ, ಆ ಶಕ್ತಿ ಇಳಿದ ಮೇಲೆ, ಇಂಜೆಕ್ಷನ್ ಹಿಡಿಯುವ ಮೊದಲು, ನಡುವೆ ಒಂದು ಸಂದು ಇರುತ್ತದೆ. ಅದು ಯಾವಾಗ ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ. ಅದಕ್ಕೇ ಮತ್ತೆ ಮತ್ತೆ ಹಾಕುವುದು. ನಮ್ಮ ಕಪ್ಪು ಮರಿ ಹೋದದ್ದು ಆ ಸಂದಿನಲ್ಲೇ ಇರಬೇಕು. ಈ ಕಂದು ಮರಿ ನನ್ನ ಮುಂದೆ ಬಾಲ ಕಚ್ಚಿಕೊಂಡು ಸುತ್ತು ಹಾಕುವಾಗ, ಇವತ್ತು ಅದು ಸಂದಿನ ಈಚೆಗಿದೆಯೋ ಆಚೆಗಿದೆಯೋ ಎಂದು ನೋಡುತ್ತ ಕೂರುತ್ತಿದ್ದೆ. ಕಾಣುವಂಥದ್ದೇನೂ ಇರಲಿಲ್ಲ. ಮರಿ ಮಾತ್ರ ಕಾಣುತ್ತಿತ್ತು.

ಕೊನೆಯ ಇಂಜೆಕ್ಷನ್ ಆಯಿತು. ಅದು ಮೈಗೆ ಹಿಡಿಯಲು ಇನ್ನೂ ಎರಡು ವಾರ ಅಲ್ಲೇ ಇರಲಿ, ಆಮೇಲೆ ಮನೆಗೆ ತನ್ನಿ ಎಂದಿದ್ದರು. ಆದರೆ ಅದೇ ವಾರ ಚಿಕ್ಕವ್ವನ ಫೋನ್. ಕೆಳಗಿನ ಮನೆಯ ಓನರಮ್ಮ ತಾರಸಿಯಲ್ಲಿ ಒಣಗಲು ಹಾಕಿದ್ದ ಹಪ್ಪಳದ ಮೇಲೆ ಮರಿ ಓಡಿತ್ತು. "ಇವತ್ತೇ ನಾಯಿ ಹೋಗಬೇಕು, ಇಲ್ಲದಿದ್ದರೆ ನೀವು ಹೋಗಿ ಅಂತಾಳೆ. ನಾನು ಎಂತ ಮಾಡ್ಲಿ ಹೇಳು? ಹಪ್ಪಳಕ್ಕೆ ಎಂತ ಹೇಳ್ಲಿ?"

ನಗು ಬರಬೇಕಿತ್ತು. ಬೇರೆ ಯಾರ ಮನೆ? ನಾಯಿ ಇರುವ ಮನೆಗಳು ಬೇಡ, ನಾಯಿ ಇಲ್ಲದ ಮನೆಗಳವರಿಗೆ ನಾಯಿ ಬೇಡ. ಡಾಕ್ಟರಮ್ಮನಿಗೆ ಫೋನ್ ಮಾಡಿದೆ. "ಬೇರೆ ದಾರಿಯೇ ಇಲ್ಲ ಅಂದ್ರೆ ತಂದುಬಿಡಿ. ತೊಳೆದ ಸಿಮೆಂಟ್ ನೆಲದಲ್ಲೇ ಇಡಿ. ಅಂಗಳಕ್ಕೆ ಮಾತ್ರ ಬಿಡಬೇಡಿ" ಎಂದರು.

ಗಂಡ ಜಗಲಿ, ನಡುಮನೆಯನ್ನು ಉಜ್ಜಿ ತೊಳೆದು ಬ್ಲೀಚಿಂಗ್ ನೀರು ಹಾಕಿದರು. ಈ ಸಲ ಕ್ರಮ ತಪ್ಪಬಾರದೆಂದು ನಾನು ಪಕ್ಕದಲ್ಲೇ ನಿಂತು ನೋಡಿದೆ. ಆದ್ದರಿಂದ ಇದೊಂದು ಸರಿಯಾಗಿ ನೆನಪಿದೆ. ಜಗಲಿಯ ಬಾಯಿಗೆ ಹಲಗೆ ಅಡ್ಡ ಇಟ್ಟೆವು. ಗೇಟಿನಿಂದ ಮರಿಯನ್ನು ಎತ್ತಿಕೊಂಡೇ ತಂದೆ. ಅಂಗಳ ದಾಟುವಾಗ ನನಗೇ ಗೊತ್ತಿಲ್ಲದೆ ಉಸಿರು ಹಿಡಿದಿದ್ದೆ, ರೋಗ ಗಾಳಿಯಲ್ಲಿ ಇದೆಯೇನೋ ಎಂಬಂತೆ.

ಅತ್ತೆ ಮರಿಯನ್ನು ಮೊದಲ ಸಲ ನೋಡಿದರು. ಮುಟ್ಟಲಿಲ್ಲ. "ಕಿವಿ ದೊಡ್ಡ ಉಟ್ಟು" ಎಂದರು; ಅವರ ಮಾತಿನಲ್ಲಿ ಉಂಟು ಎಂದರೆ ಉಟ್ಟು. ನಂತರ ಕೈ ತೊಳೆದು ಬಂದು ಮುಟ್ಟಿದರು. ಸಂಜೆಯ ಹೊತ್ತಿಗೆ ಅದು ಅವರ ಸೀರೆಯ ಸೆರಗಿನ ಮೇಲೆ ಮಲಗಿತ್ತು.

ನಡೆದದ್ದು ಅದಾದ ಎರಡನೆಯ ದಿನವೋ ಮೂರನೆಯ ದಿನವೋ, ಮಧ್ಯಾಹ್ನ. ರಜೆಯಿತ್ತು, ನಾನು ಮನೆಯಲ್ಲೇ ಇದ್ದೆ. ಊಟವಾಯಿತು. ಗಂಡ ಕೈ ತೊಳೆಯಲು ಎದ್ದರು. ಅತ್ತೆ ಕೊನೆಯ ತುತ್ತನ್ನು ಕೈಯಲ್ಲಿ ಹಿಡಿದು ಜಗಲಿಗೆ ನಡೆದರು. ಮನೆಯಲ್ಲಿ ಮತ್ತೆ ನಾಯಿಯಿದೆ. ಅಷ್ಟು ತಿಂಗಳು ಬಾಯೊಳಗೇ ಉಳಿದಿದ್ದ ಕರೆ ತಾನಾಗಿ ಹೊರಬಂತು. "ಕುಂಞೀ... ಬಾ!" ಎಂದು ಎಸೆದೇಬಿಟ್ಟರು.

ಹಲಗೆ ಅದಕ್ಕೆ ಲೆಕ್ಕಕ್ಕೇ ಇರಲಿಲ್ಲ. ಒಂದೇ ನೆಗೆತ. ಅಂಗಳದ ನಡುವೆ, ಕಾಫಿ ಒಣಗಿಸಿ ಗುಡಿಸಿ ತೆಗೆದ ನೆಲದಲ್ಲಿ, ಅಲ್ಲಲ್ಲಿ ಇನ್ನೂ ಚಕ್ಕೆಯಾಗಿ ಉಳಿದಿದ್ದ ಹಳೆಯ ಸೆಗಣಿಯ ಮೇಲೆ ಬಿದ್ದ ಅನ್ನವನ್ನು ಅದು ತಿಂದಿತು. ತಿಂದ ಮೇಲೆ ನೆಲವನ್ನು ನೆಕ್ಕಿತು. ಸಾರಿನ ರುಚಿ ಇತ್ತೇನೋ, ಬಿಡದೆ ನೆಕ್ಕಿತು.

ಅತ್ತೆಯ ಕೈ ಎಸೆದ ಹಾಗೆಯೇ ಮುಂದೆ ಚಾಚಿಕೊಂಡಿತ್ತು. ನಾನು ಓಡಿದೆನೆಂದು ನನ್ನ ನೆನಪು. ಗಂಡ ಹೇಳುತ್ತಾರೆ, ನೀನು ಕದಲಲೇ ಇಲ್ಲ, ನಾನು ಒದ್ದೆ ಕೈಯಲ್ಲೇ ಹೋಗಿ ಎತ್ತಿಕೊಂಡು ಬಂದೆ ಎಂದು.

ಕಾಲು ತೊಳೆದೆವು, ಬಾಯಿ ತೊಳೆದೆವು. ಹೊಟ್ಟೆಗೆ ಹೋದದ್ದನ್ನು ಹೇಗೆ ತೊಳೆಯುವುದು? ಡಾಕ್ಟರಮ್ಮ ಫೋನಿನಲ್ಲಿ, "ಈಗ ಮಾಡೋದಕ್ಕೆ ಏನೂ ಇಲ್ಲ ಮೇಡಂ. ಇಂಜೆಕ್ಷನ್ ಆಗಿದೆ, ಹಿಡಿದಿರಬಹುದು. ಒಂದು ವಾರ, ಹತ್ತು ದಿನ ನೋಡಿ. ಊಟ ಬಿಟ್ಟರೆ ತಕ್ಷಣ ತನ್ನಿ" ಎಂದರು. 'ನೋಡಿ' ಎಂದರೆ ನೋಡುವುದಷ್ಟೇ. ಅದನ್ನೇ ಮಾಡಿದೆವು. ತಿನ್ನುವುದನ್ನು ನೋಡಿದೆವು, ಕಕ್ಕಸು ನೋಡಿದೆವು, ಮಲಗಿದರೆ ಸುಸ್ತೋ ನಿದ್ದೆಯೋ ಎಂದು ನೋಡಿದೆವು. ನಾನು ತಟ್ಟಿ ಎಬ್ಬಿಸಿ ನೋಡುತ್ತಿದ್ದೆ; ನಿದ್ದೆ ಸಾಲದೆ ಅದು ಇನ್ನಷ್ಟು ಮಂಕಾಗುತ್ತಿತ್ತು; ಅದನ್ನೂ ನೋಡಿದೆವು.

ಮನೆಯಲ್ಲಿ ಯಾರೂ ಅತ್ತೆಗೆ ಏನೂ ಹೇಳಲಿಲ್ಲ. ಅದೇ ಅವರಿಗೆ ಹೆಚ್ಚು ಕಷ್ಟವಾಗಿರಬೇಕು. ಸೂತಕದ ಕಾವಲಿಗೆ ನಿಂತವರು ತಾವೇ ಅದನ್ನು ಮುರಿದಿದ್ದರು, ಅದೂ ಕೈಯಾರೆ ಉಣಿಸಿ. ಜಗಲಿಯ ಗೋಡೆಗೆ ಒರಗಿ, ಮರಿಯನ್ನು ಮಡಿಲಲ್ಲಿಟ್ಟುಕೊಂಡು, ಅಂಗೈಯನ್ನು ಅದರ ಹೊಟ್ಟೆಯಡಿ ಇಟ್ಟು ಕೂರುತ್ತಿದ್ದರು. ಹೊಟ್ಟೆ ಬಿಸಿಯಾದರೆ ಮೊದಲು ಅವರ ಅಂಗೈಗೆ ಗೊತ್ತಾಗಬೇಕು ಎಂಬಂತೆ.

ಹಾಗೆ ಕೂತಿದ್ದ ಒಂದು ಸಂಜೆ ನನ್ನನ್ನು ಹತ್ತಿರ ಕರೆದರು. ತಲೆ ಎತ್ತಲಿಲ್ಲ.

"ಅಂದು ಯಾವುದು ಮೊದಲು ಹಾಕಿದ್ದು? ನಿಂಗೆ ಸರಿ ನೆನಪುಟ್ಟಾ?"

ಇಷ್ಟು ತಿಂಗಳಲ್ಲಿ ಅವರು ಇದನ್ನು ಪ್ರಶ್ನೆಯಾಗಿ ಕೇಳಿದ್ದು ಅದೇ ಮೊದಲು. ಅಲ್ಲಿಯವರೆಗೆ ಅವರಿಗೆ ಗೊತ್ತಿತ್ತು.

"ಹೆಣ ಮಣ್ಣಾಗುವ ಮೊದಲು ಸಾರಿಸ್ತಾರಾ ಅಂತ ನೀವೇ ಹೇಳಿದ್ದಿರಿ" ಎಂದೆ.

"ಸಾರಿಸ್ತಾರಾ ಅಂತ ಹೇಳಿದ್ದು ಹೌದು. ಸಾರಿಸಿದೆನಾ ಇಲ್ಲವಾ ಅಂತ ಈಗ ಗೊತ್ತಾಗುವುದಿಲ್ಲೆ. ಅಂದು ನಂಗೆ ತಲೆ ನೆಟ್ಟಗಿರಲಿಲ್ಲೆ. ಫೋನು ಬಂದ ಮೇಲೆ ಕೈಗೆ ಎಂತಾದರೂ ಕೆಲಸ ಬೇಕಿತ್ತು." ಮರಿಯ ಬೆನ್ನು ಸವರಿ, "ನೀ ಓದಿದವಳು. ಹೇಳು."

ಹಸಿರಿನ ಮೇಲೆ ಬಿಳಿ. ಅದು ಕಣ್ಣಿಗೆ ಬಂತು. "ಪುಡಿಯೇ ಮೊದಲು, ಅತ್ತೆ" ಎಂದೆ.

"ನಿಜವಾ?"

"ನಿಜ. ನಾನು ನೋಡಿದೆನಲ್ಲ. ಪುಡಿ ಹಾಕಿದ ಮೇಲೆ ನೀವು ಸಾರಿಸಿದಿರಿ."

ಅವರು ನಿಟ್ಟುಸಿರು ಬಿಟ್ಟು, ಮರಿಯ ಕಿವಿಯನ್ನು ಮಡಚಿ ಬಿಡಿಸಿದರು. ನಂಬಿದರೋ, ನಾನು ಹೀಗೇ ಹೇಳುತ್ತೇನೆಂದು ಗೊತ್ತಿದ್ದೇ ಕೇಳಿದರೋ ತಿಳಿಯದು.

ಮರಿಗೆ ಏನೂ ಆಗಲಿಲ್ಲ. ಒಂದು ಬೆಳಿಗ್ಗೆ ಭೇದಿಯಾಗಿ ನಮ್ಮ ಜೀವ ಹೋದಂತಾಗಿತ್ತು. ನೋಡಿದರೆ ಹಲಸಿನ ತೊಳೆ ಕದ್ದು ತಿಂದಿತ್ತು. ಈಗ ಅದು ಮರಿಯಲ್ಲ, ನನ್ನ ಮೊಣಕಾಲಿನವರೆಗೆ ಬರುತ್ತದೆ. ಹೆಸರು ಇನ್ನೂ ಇಟ್ಟಿಲ್ಲ. ಯಾವುದು ಅದನ್ನು ಉಳಿಸಿತು? ಇಂಜೆಕ್ಷನ್ ಇರಬೇಕು. ಬಿಸಿಲಿರಬಹುದು. ಗುಡಿಸಿದಾಗ ಸೆಗಣಿಯ ಚಕ್ಕೆಯ ಜೊತೆ ರೋಗವೂ ಹೋಗಿರಬಹುದು. ಅಥವಾ ಆ ಅನ್ನ ಬಿದ್ದ ಜಾಗದಲ್ಲಿ ಮಾತ್ರ ಅದು ಇರಲಿಲ್ಲವೋ ಏನೋ. ಡಾಕ್ಟರಮ್ಮನಿಗೂ ಗೊತ್ತಿಲ್ಲ. ನಾವು ಕೈಯಲ್ಲಿ ಹಿಡಿದು ಉಳಿಸಿದ್ದೇನೂ ಇಲ್ಲ. ಮೊದಲನೆಯದು ಹೋಗುವಾಗ ಹೇಗೆ ನೋಡುತ್ತ ನಿಂತಿದ್ದೆವೋ, ಎರಡನೆಯದು ಉಳಿಯುವಾಗಲೂ ಹಾಗೆಯೇ ನೋಡುತ್ತ ನಿಂತಿದ್ದೆವು.

ಈ ವರ್ಷದ ಕೊಯ್ಲು ಹತ್ತಿರ ಬಂದಿದೆ. ಮೊನ್ನೆ ಅತ್ತೆ ಬಕೆಟಿನಲ್ಲಿ ಸೆಗಣಿ ಕಲಸಿಟ್ಟು, ಪೊರಕೆ ಹಿಡಿದು, "ಸಾರಿಸಬಹುದಾ?" ಎಂದು ನನ್ನನ್ನು ಕೇಳಿದರು. ಅವರ ಅಂಗಳಕ್ಕೆ ಅವರು ನನ್ನ ಅಪ್ಪಣೆ ಕೇಳುತ್ತಿದ್ದರು. ನಾನು ಜಗಲಿ ಹತ್ತಿ ಅಂಗಳ ಬಿಟ್ಟುಕೊಟ್ಟೆ. ನಾಯಿ ಬಂದು ಬಕೆಟಿಗೆ ಮೂಗು ಹಾಕಿತು. "ಏ ಹೋಗಾಚೆ, ಹಪ್ಪಳ ಮೆಟ್ಟಿದವಳೇ!" ಎಂದು ಅತ್ತೆ ಪೊರಕೆ ಎತ್ತಿದರು.

ಅವರು ಸಾರಿಸುತ್ತ ಹಿಂದೆ ಹಿಂದೆ ಸರಿಯುವುದನ್ನು ನೋಡುತ್ತ, ಹಳೆಯ ಆ ದಿನವನ್ನು ಮತ್ತೊಮ್ಮೆ ಕಣ್ಣಿಗೆ ತಂದುಕೊಳ್ಳಲು ಯತ್ನಿಸಿದೆ. ಜೀಪಿನಿಂದ ಇಳಿಯುತ್ತೇನೆ. ಅಂಗಳ ಒಣಗಿದೆ. ಗಂಡ ಪುಡಿ ಎರಚುತ್ತಾರೆ, ನೆಲ ಬೆಳ್ಳಗಾಗುತ್ತದೆ. ಅತ್ತೆ ಅದರ ಮೇಲೆ ಬಾಗಿ ಸಾರಿಸುತ್ತಿದ್ದಾರೆ. ಹೀಗೇ ಕಾಣುತ್ತದೆ, ಸ್ಪಷ್ಟವಾಗಿ, ಪೊರಕೆಯ ಗೆರೆಗಳ ಸಮೇತ. ಹಸಿರಿನ ಮೇಲಿದ್ದ ಬಿಳಿಯನ್ನು ಎಷ್ಟು ಹುಡುಕಿದರೂ ಸಿಗುತ್ತಿಲ್ಲ.